ಕಂಡೆನ್ಸರ್ ಡಬ್ಬಿ ಮತ್ತು ಹಿಂದಿನ ದೀಪ

ಮುಧೋಳದ ಅಂಗಡಿಗಳಲ್ಲಿ ಕೆಪಾಸಿಟರ್ ಬೇಕು ಅಂತ ಕೇಳಿದರೆ ಎದುರಿಗಿದ್ದವರು ಒಂದು ಕ್ಷಣ ತಡೆದು, "ಕಂಡೆನ್ಸರ್ ಏನ್ರೀ?" ಅಂತ ತಿರುಗಿ ಕೇಳುತ್ತಾರೆ. ಫ್ಯಾನು ನಿಧಾನ ತಿರುಗಿದರೆ ಕಂಡೆನ್ಸರ್ ಹೋಗಿದೆ. ಹೊಲದ ಮೋಟರು ಗುಂಯ್ ಅಂದು ಅಲ್ಲೇ ನಿಂತರೆ ಕಂಡೆನ್ಸರ್ ಹೋಗಿದೆ. ಹಳೇ ಅಂಬಾಸಿಡರ್ ಸ್ಟಾರ್ಟ್ ಆಗದೆ ಕೆಮ್ಮುತ್ತಿದ್ದರೆ ಪಾಯಿಂಟ್ ನೋಡು, ಇಲ್ಲಾಂದ್ರೆ ಕಂಡೆನ್ಸರ್ ನೋಡು. ಎಂಜಿನಿಯರಿಂಗ್ ಪುಸ್ತಕಗಳು ಈ ಪದವನ್ನು ಬಿಟ್ಟು ಬಹಳ ವರ್ಷವಾಯಿತು. ಕಾಲೇಜಿನಲ್ಲಿ ನಾನು ಈ ಪದ ಬಳಸಿದಾಗ ಬೆಂಗಳೂರಿನ ಗೆಳೆಯರು ನಕ್ಕಿದ್ದರು.

ಆದರೆ ಪದದ ವಂಶ ದೊಡ್ಡದು. 1782ರಲ್ಲಿ ಇಟಲಿಯ ಅಲೆಸಾಂಡ್ರೊ ವೋಲ್ಟಾ ವಿದ್ಯುತ್ತನ್ನು ಒತ್ತಿ ಕೂಡಿಡುವ ಒಂದು ಸಾಧನಕ್ಕೆ 'ಕಂಡೆನ್ಸಾಟೋರೆ' ಎಂದು ಹೆಸರಿಟ್ಟ. ಅದೇ ಮನುಷ್ಯ 1800ರಲ್ಲಿ ಜಗತ್ತಿಗೆ ಮೊದಲ ಬ್ಯಾಟರಿಯನ್ನು ತೋರಿಸಿದ. ವೋಲ್ಟ್ ಅನ್ನೋ ಅಳತೆ ಬಂದದ್ದೂ ಅವನ ಹೆಸರಿನಿಂದಲೇ. ಅಂದಮೇಲೆ ರನ್ನನ ಊರಿನ ಮೋಟರ್ ರಿಪೇರಿಯವರು ಆಡುವ ಮಾತು ನೇರವಾಗಿ ವೋಲ್ಟಾನ ಬಾಯಿಂದ ಬಂದದ್ದು. ನಕ್ಕ ಗೆಳೆಯರಿಗೆ ಇದನ್ನು ಹೇಳುವ ಅವಕಾಶ ಈಗ ಸಿಕ್ಕಿದೆ.

ಈ ಲೇಖನ ಅಂಥದೊಂದು ಕಂಡೆನ್ಸರ್ ಡಬ್ಬಿಯದು. ಕಾರಿನ ಬ್ಯಾಟರಿಗೆ ಜೋಡಿಸುವ, ಮನೆಯಲ್ಲೇ ಮಾಡಿಕೊಳ್ಳಬಹುದಾದ 'ವೋಲ್ಟೇಜ್ ಸ್ಟೆಬಿಲೈಜರ್'. ಮೈಲೇಜು ಹೆಚ್ಚುತ್ತೆ, ಪಿಕಪ್ ಹೆಚ್ಚುತ್ತೆ, ಹೆಡ್‌ಲೈಟು ಬೆಳ್ಳಗಾಗುತ್ತೆ, ಹಾಡು ಚೆನ್ನಾಗಿ ಕೇಳುತ್ತೆ ಅಂತ ಇದರ ಬಗ್ಗೆ ಹೇಳುವವರು ಬಹಳ. ನಾನೂ ಒಂದು ಮಾಡಿದೆ, ಅಳೆದೆ. ಆದರೆ ಅಳತೆಯ ಲೆಕ್ಕ ಹೇಳುವ ಮೊದಲು ಇತಿಹಾಸ ಹೇಳಬೇಕು. ಯಾಕಂದ್ರೆ ಗಾಡಿಯ ವೋಲ್ಟೇಜನ್ನು ಇಷ್ಟು ವರ್ಷ ಯಾರು ಕಾಯುತ್ತಾ ಬಂದರು ಅಂತ ಗೊತ್ತಾಗದೆ ಈ ಡಬ್ಬಿ ಯಾಕೆ ಹುಟ್ಟಿತು ಅನ್ನೋದು ಗೊತ್ತಾಗೋದಿಲ್ಲ.

ಮೊದಮೊದಲ ಕಾರುಗಳಲ್ಲಿ ವೋಲ್ಟೇಜನ್ನು ಕಾಯುವವರು ಯಾರೂ ಇರಲಿಲ್ಲ. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರಿನ ಎಂಜಿನ್ ಚಕ್ರಕ್ಕೇ ಅಯಸ್ಕಾಂತಗಳನ್ನು ಕೂಡಿಸಿದ್ದರು. ಅದೇ ಅದರ ಮ್ಯಾಗ್ನೆಟೊ. ಮುಂದೆ ಅದರಿಂದಲೇ ಹೆಡ್‌ಲೈಟು ಉರಿಸತೊಡಗಿದಾಗ ತಮಾಷೆ ಶುರುವಾಯಿತು. ಎಂಜಿನ್ ಜೋರಾಗಿ ತಿರುಗಿದರೆ ಬೆಳಕು ಜೋರು, ನಿಧಾನವಾದರೆ ಮಂಕು. ಕತ್ತಲಲ್ಲಿ ಕೆಟ್ಟ ರಸ್ತೆ ಬಂತು ಅಂತ ನೀವು ನಿಧಾನ ಮಾಡಿದಿರಿ ಅನ್ನಿ, ಸರಿಯಾಗಿ ಬೆಳಕು ಬೇಕಾದ ಹೊತ್ತಿಗೇ ಬೆಳಕು ಹೋಗುತ್ತಿತ್ತು.

ಗಾಡಿಯೊಳಗೆ ಬ್ಯಾಟರಿ ಖಾಯಂ ಆಗಿ ಬಂದು ಕೂತದ್ದು ಸ್ಟಾರ್ಟರ್ ಮೋಟರಿನಿಂದ. ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಸೆಲ್ಫ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂತು. ನಮ್ಮ ಕಡೆ ಇವತ್ತಿಗೂ "ಸೆಲ್ಫ್ ಹೊಡಿ" ಅನ್ನುತ್ತೇವಲ್ಲ, ಆ ಸೆಲ್ಫ್ ಇದೇ. ಪಾಯಿಂಟು, ಕಂಡೆನ್ಸರ್, ಕಾಯಿಲ್ ಇರುವ ಬ್ಯಾಟರಿ ಇಗ್ನಿಷನ್ನೂ ಕೆಟರಿಂಗನದೇ. ಹೀಗೆ ಕಂಡೆನ್ಸರ್ ಕಾರಿನೊಳಗೆ ಬಂದು ನೂರು ವರ್ಷದ ಮೇಲಾಯಿತು.

ಬ್ಯಾಟರಿ ಬಂತು ಅಂದರೆ ಅದನ್ನು ತುಂಬಿಸಲು ಡೈನಮೋ ಬೇಕು. ಡೈನಮೋದ ಸ್ವಭಾವ ಮ್ಯಾಗ್ನೆಟೊದಂಥದೇ: ವೇಗ ಹೆಚ್ಚಿದರೆ ವೋಲ್ಟೇಜು ಹೆಚ್ಚು. ಎಂಜಿನ್ ನಿಧಾನವಾದಾಗ ಡೈನಮೋದ ವೋಲ್ಟೇಜು ಬ್ಯಾಟರಿಗಿಂತ ಕೆಳಗಿಳಿದು, ಕರೆಂಟು ಬ್ಯಾಟರಿಯಿಂದ ಡೈನಮೋಕ್ಕೆ ವಾಪಸ್ ಹರಿಯುತ್ತದೆ. ಅದನ್ನು ತಡೆಯೋದಕ್ಕೆ ಕಟೌಟ್. ಸಿನಿಮಾ ಥಿಯೇಟರಿನ ಮುಂದೆ ಹಾಲು ಸುರಿಸಿಕೊಳ್ಳುವ ಕಟೌಟ್ ಬೇರೆ. ಇದು ತಂತಿಯ ಸುರುಳಿ, ಒಂದು ಕಬ್ಬಿಣದ ನಾಲಿಗೆ, ಒಂದು ಜೊತೆ ಪಾಯಿಂಟು ಇರುವ ಸಣ್ಣ ಡಬ್ಬಿ. 1930ರ ದಶಕದ ಹೊತ್ತಿಗೆ ಅದರ ಪಕ್ಕದಲ್ಲಿ ಇನ್ನೊಂದು ಸುರುಳಿ ಬಂತು, ಅದೇ ರೆಗ್ಯುಲೇಟರ್. ವೋಲ್ಟೇಜು ಏರಿದರೆ ಸುರುಳಿ ನಾಲಿಗೆಯನ್ನು ಎಳೆದು ಪಾಯಿಂಟ್ ಬಿಡಿಸುತ್ತದೆ, ಡೈನಮೋದ ಫೀಲ್ಡ್ ಕರೆಂಟು ಇಳಿಯುತ್ತದೆ. ವೋಲ್ಟೇಜು ಇಳಿದರೆ ಸ್ಪ್ರಿಂಗು ನಾಲಿಗೆಯನ್ನು ವಾಪಸ್ ತರುತ್ತದೆ. ಸೆಕೆಂಡಿಗೆ ಎಷ್ಟೋ ಸಲ ಹೀಗೆ ಬಡಿದುಕೊಂಡು, ಆ ಬಡಿತದ ಸರಾಸರಿಯೇ ಸ್ಥಿರವಾದ ವೋಲ್ಟೇಜು.

ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರನ್ನು ಆಧರಿಸಿದ ಅಂಬಾಸಿಡರ್ 1950ರ ದಶಕದ ಕೊನೆಗೆ ಬಂದಾಗ ಇದೇ ಬಗೆಯ ಪದ್ಧತಿಯನ್ನು ಜೊತೆಗೆ ತಂದಿತು. 1961ರಲ್ಲಿ ಮದ್ರಾಸಿನ ಪಾಡಿಯಲ್ಲಿ ಲೂಕಸ್ ಟಿವಿಎಸ್ ಶುರುವಾದ ಮೇಲೆ ಗಾಡಿಯ ವಿದ್ಯುತ್ ಭಾಗಗಳು ಇಲ್ಲೇ ತಯಾರಾಗತೊಡಗಿದವು. ನಮ್ಮ ಸಣ್ಣ ಊರುಗಳ ಬ್ಯಾಟರಿ ಅಂಗಡಿಯವರು ಈ ಡಬ್ಬಿಯನ್ನು ಬಿಚ್ಚಿ ಕಲಿತವರು. ಪಾಲಿಶ್ ಪೇಪರಿನಿಂದ ಪಾಯಿಂಟ್ ಉಜ್ಜಿ, ನಾಲಿಗೆಯನ್ನು ಕೂದಲೆಳೆಯಷ್ಟು ಬಗ್ಗಿಸಿ, ಎಂಜಿನ್ ರೇಸ್ ಮಾಡಿ, ಬಲ್ಬಿನ ಬೆಳಕು ನೋಡಿ, "ಆತು ಬಿಡ್ರಿ" ಅನ್ನುತ್ತಿದ್ದರು. ವೋಲ್ಟೇಜು ಕಾಯುವ ಕೆಲಸ ಆಗ ಕಣ್ಣಿಗೆ ಕಾಣುತ್ತಿತ್ತು, ಕಿವಿಗೆ ಕೇಳುತ್ತಿತ್ತು. ಅದಕ್ಕೇ ಅದು ಕೈಗೂ ಸಿಗುತ್ತಿತ್ತು.

1960ರಲ್ಲಿ ಅಮೆರಿಕದ ಕ್ರೈಸ್ಲರ್ ಕಂಪನಿ ತನ್ನ ವೇಲಿಯಂಟ್ ಕಾರಿನಲ್ಲಿ ಆಲ್ಟರ್ನೇಟರ್ ಕೊಟ್ಟಿತು. ಸಿಲಿಕಾನ್ ಡಯೋಡು ಅಗ್ಗವಾದದ್ದರಿಂದ ಅದು ಸಾಧ್ಯವಾಯಿತು. ಆಲ್ಟರ್ನೇಟರಿನಲ್ಲಿ ಕರೆಂಟು ವಾಪಸ್ ಹರಿಯದಂತೆ ಡಯೋಡುಗಳೇ ತಡೆಯುವುದರಿಂದ ಕಟೌಟಿನ ಕೆಲಸ ಮುಗಿಯಿತು. ಎಂಜಿನ್ ನಿಧಾನವಿದ್ದಾಗಲೂ ಚಾರ್ಜ್ ಆಗತೊಡಗಿತು. ಬಡಿದುಕೊಳ್ಳುವ ನಾಲಿಗೆಯ ಜಾಗದಲ್ಲಿ ಟ್ರಾನ್ಸಿಸ್ಟರ್ ಬಂತು. ಅದು ಆಲ್ಟರ್ನೇಟರಿನ ಹೊಟ್ಟೆಯೊಳಗೇ ಸೇರಿಕೊಂಡು ಸುಮಾರು 14 ವೋಲ್ಟಿಗೆ ಗಟ್ಟಿಯಾಗಿ ನಿಂತಿತು. ನಮ್ಮೂರಲ್ಲಿ ಆಲ್ಟರ್ನೇಟರನ್ನು ಈಗಲೂ ಡೈನಮೋ ಅಂತಲೇ ಕರೆಯುತ್ತಾರೆ. ಹೆಸರು ಉಳಿಯಿತು, ಕೈಗೆ ಸಿಗುತ್ತಿದ್ದ ನಾಲಿಗೆ ಹೋಯಿತು. ಕೆಟ್ಟರೆ ಬದಲಿಸಬೇಕು, ಅಷ್ಟೇ.

ಈಗಿನ ಕಾರು ನಿಮ್ಮ ಹತ್ತಿರ ಇದ್ದರೆ ಕಥೆ ಇನ್ನೂ ಮುಂದಕ್ಕೆ ಹೋಗಿದೆ. ಎಷ್ಟೋ ಹೊಸ ಕಾರುಗಳಲ್ಲಿ ಕಂಪ್ಯೂಟರೇ ಆಲ್ಟರ್ನೇಟರಿಗೆ ಎಷ್ಟು ವೋಲ್ಟೇಜು ಬೇಕು ಅಂತ ಹೇಳುತ್ತದೆ. ಬ್ರೇಕು ಹಾಕಿದಾಗ, ಇಳಿಜಾರಿನಲ್ಲಿ ಹೆಚ್ಚು ಚಾರ್ಜ್ ಮಾಡು. ಎಂಜಿನ್ ದುಡಿಯುವಾಗ ಕಡಿಮೆ ಮಾಡು, ಪೆಟ್ರೋಲ್ ಉಳಿಯಲಿ. ಸಿಗರೇಟ್ ಲೈಟರಿನ ತೂತಿಗೆ ಚುಚ್ಚುವ ಪುಟ್ಟ ವೋಲ್ಟ್ ಮೀಟರಿನಲ್ಲಿ ಒಮ್ಮೆ 14.6, ಇನ್ನೊಮ್ಮೆ 12.8 ಕಂಡು ಗಾಬರಿಯಾಗುವವರು ಇದ್ದಾರೆ. ಅದು ರೋಗ ಆಗಿರಬೇಕಿಲ್ಲ. ಲೆಕ್ಕ ಹಾಕಿಯೇ ಏರಿಳಿಸಿರಬಹುದು.

ಹಾಗಾದರೆ ಸ್ಟೆಬಿಲೈಜರ್ ಅನ್ನೋ ಪದ ಕಾರಿಗೆ ಎಲ್ಲಿಂದ ಬಂತು? ಅದಕ್ಕೆ ಹಳೆಯ ಬೇರು ಒಂದಿದೆ. 1960ರ ದಶಕದ ಬ್ರಿಟಿಷ್ ಕಾರುಗಳ ಡ್ಯಾಶ್‌ಬೋರ್ಡಿನ ಹಿಂದೆ ಸ್ಮಿತ್ಸ್ ಕಂಪನಿಯ ಬೆಂಕಿಪೊಟ್ಟಣಕ್ಕಿಂತ ಚಿಕ್ಕದೊಂದು ತಗಡಿನ ಡಬ್ಬಿ ಇರುತ್ತಿತ್ತು. ಪೆಟ್ರೋಲ್ ಗೇಜೂ ಟೆಂಪರೇಚರ್ ಗೇಜೂ ಸರಿಯಾಗಿ ತೋರಿಸಬೇಕೆಂದರೆ ಅವಕ್ಕೆ ಬದಲಾಗದ ವೋಲ್ಟೇಜು ಬೇಕು. ಡಬ್ಬಿಯೊಳಗೆ ಎರಡು ಲೋಹಗಳ ಒಂದು ಪಟ್ಟಿ ಕಾದು ಬಾಗಿ ಕರೆಂಟು ಕಡಿಯುತ್ತಿತ್ತು, ತಣ್ಣಗಾಗಿ ಮತ್ತೆ ಕೊಡುತ್ತಿತ್ತು. ಸರಾಸರಿ 10 ವೋಲ್ಟ್. ಅದರ ಹೆಸರೇ ವೋಲ್ಟೇಜ್ ಸ್ಟೆಬಿಲೈಜರ್. ಇದು ಕೆಟ್ಟಾಗ 7810 ಅನ್ನೋ ಮೂರು ಕಾಲಿನ ಐಸಿ, ಇಲ್ಲವೇ ಎಲ್‌ಎಂ317 ಹಾಕಿ ಮನೆಯಲ್ಲೇ ಬದಲಿ ಮಾಡಿಕೊಳ್ಳುವುದು ಹಳೇ ಕಾರು ಸಾಕುವವರ ಬಹಳ ದಿನದ ಹವ್ಯಾಸ. ಇದು ನಿಜವಾದ ಸ್ಟೆಬಿಲೈಜರ್. ಒಳಗೆ ಏನೇ ಬರಲಿ, ಹೊರಗೆ 10 ವೋಲ್ಟೇ.

ನಮಗೆ ಗೊತ್ತಿರುವ ಸ್ಟೆಬಿಲೈಜರ್ ಇನ್ನೊಂದು. ಮುಧೋಳ ಸಂಸ್ಥಾನ 1948ರಲ್ಲಿ ಮುಂಬೈ ಪ್ರಾಂತಕ್ಕೆ ಸೇರಿ, 1956ರಲ್ಲಿ ಅಂದಿನ ಮೈಸೂರು ರಾಜ್ಯಕ್ಕೆ ಬಂತು. ಬಂದ ರಾಜ್ಯದ ಕರೆಂಟು ಬಹುತೇಕ ನೀರಿನದು. 1902ರ ಶಿವನಸಮುದ್ರದಿಂದ 1960ರ ದಶಕದ ಶರಾವತಿವರೆಗೆ ಎಲ್ಲವೂ ಜಲವಿದ್ಯುತ್. ರಾಯಚೂರಿನ ಕಲ್ಲಿದ್ದಲು ಸ್ಥಾವರದ ಮೊದಲ ಘಟಕ ಶುರುವಾದದ್ದು 1985ರಲ್ಲಿ. ಮಳೆ ಕೈಕೊಟ್ಟ ವರ್ಷ ಕರೆಂಟೂ ಕೈಕೊಡುತ್ತಿತ್ತು. ಮೂಲದಿಂದ ದೂರದಲ್ಲಿದ್ದ, ಘಟಪ್ರಭೆಯ ದಂಡೆಗೆ ಸಾಲುಸಾಲಾಗಿ ಪಂಪ್‌ಸೆಟ್ ಇದ್ದ ನಮ್ಮಂಥ ಕಡೆ ಸಂಜೆಯ ವೋಲ್ಟೇಜು ಬಲ್ಬಿನೊಳಗಿನ ತಂತಿ ಎಣಿಸುವಷ್ಟು ಇರುತ್ತಿತ್ತು. ಟಿವಿ, ಫ್ರಿಜ್ ಬಂದ ಮನೆಗೆ ಜೊತೆಯಲ್ಲೇ ಸ್ಟೆಬಿಲೈಜರ್ ಬಂತು. ಕೊಚ್ಚಿಯ ವಿ-ಗಾರ್ಡ್ 1977ರಲ್ಲಿ ಶುರುವಾದದ್ದೇ ಸ್ಟೆಬಿಲೈಜರ್ ಮಾಡೋದಕ್ಕೆ. ಗೋಡೆಯ ಮೇಲಿನ ಆ ಪೆಟ್ಟಿಗೆ ಟಕ್ ಅಂದಾಗ ಒಳಗಿನ ರಿಲೇ ಟ್ರಾನ್ಸ್‌ಫಾರ್ಮರಿನ ಒಂದು ಕವಲಿನಿಂದ ಇನ್ನೊಂದಕ್ಕೆ ಜಿಗಿಯುತ್ತಿತ್ತು. ಆ ಟಕ್ ಶಬ್ದ ಕೇಳಿ ಮನೆಮಂದಿಗೆಲ್ಲ ಒಂಥರಾ ಧೈರ್ಯ.

ಹೊಲದಲ್ಲಿ ರೈತರು ಇನ್ನೂ ಮುಂದೆ ಹೋದರು. ಮೂರು ಫೇಸ್ ಬರದ ಹೊತ್ತಿನಲ್ಲಿ ಕಂಡೆನ್ಸರ್ ಹಾಕಿ, ಇಲ್ಲದ ಫೇಸನ್ನು ಇದ್ದ ಹಾಗೆ ಮಾಡಿ, ಮೂರು ಫೇಸ್ ಮೋಟರನ್ನೇ ಎಬ್ಬಿಸಿದರು. ಕಾನೂನಿಗೆ ಒಪ್ಪುವ ಮಾತಲ್ಲ, ಮೋಟರಿಗೂ ಹಿತವಲ್ಲ. ಆದರೆ ಒಣಗುತ್ತಿರುವ ಕಬ್ಬಿನ ಮುಂದೆ ನಿಂತವರಿಗೆ ಅದು ಕೆಲಸ ಮಾಡಿತು. ಇಂಥ ಊರಲ್ಲಿ ಬೆಳೆದವರ ತಲೆಯಲ್ಲಿ ಒಂದು ಮಾತು ಗಟ್ಟಿಯಾಗಿ ಕೂತಿರುತ್ತೆ: ಬರುವ ವೋಲ್ಟೇಜನ್ನು ನಂಬಬೇಡ, ನಡುವೆ ಒಂದು ಡಬ್ಬಿ ಇಡು. ಕಾರಿಗೂ ಡಬ್ಬಿ ಉಂಟು ಅಂದಾಗ ನಮಗೆ ಅದು ತಕ್ಷಣ ರುಚಿಸುವುದು ಇದಕ್ಕೇ.

ಕಾರಿನ ಕಂಡೆನ್ಸರ್ ಡಬ್ಬಿ ಫ್ಯಾಶನ್ ಆದದ್ದು ಜಪಾನಿನಲ್ಲಿ, 2000ದ ಆಸುಪಾಸಿನಲ್ಲಿ. ಸನ್ ಆಟೊಮೊಬೈಲ್ ಅವರ 'ಹಾಟ್ ಇನಾಜುಮಾ', ಪಿವೋಟ್ ಅವರ 'ರೈಜಿನ್' ಅನ್ನುವವು ಹೆಸರಾದವು. ಇನಾಜುಮಾ ಅಂದರೆ ಮಿಂಚು, ರೈಜಿನ್ ಅಂದರೆ ಗುಡುಗಿನ ದೇವರು. ಬ್ಯಾಟರಿಯ ಎರಡು ತುದಿಗೆ ಅಡ್ಡಲಾಗಿ ಕೆಲವು ಕಂಡೆನ್ಸರ್, ಮೇಲೆ ಒಂದು ಚಂದದ ಕವಚ, ಒಂದು ನೀಲಿ ದೀಪ. ಜೊತೆಯಲ್ಲೇ ಎಂಜಿನ್, ಬಾಡಿ, ಬ್ಯಾಟರಿಯ ನೆಗೆಟಿವ್ ಇವುಗಳ ನಡುವೆ ದಪ್ಪ ಅರ್ತ್ ವೈರುಗಳ ಸೆಟ್ಟು. ಡಬ್ಬಿ ಬಿಚ್ಚಿ ನೋಡಿದವರಿಗೆ ಒಳಗೆ ಇರೋದು ಅಗ್ಗದ ಸಾಮಾನು ಅಂತ ಗೊತ್ತಾಗಿ, ಬೇರೆ ಬೇರೆ ದೇಶಗಳಲ್ಲಿ ಹುಡುಗರು ಮನೆಯಲ್ಲೇ ಮಾಡತೊಡಗಿದರು.

ನಾನು ಮಾಡಿದ್ದು ದೀಪಾವಳಿ ರಜೆಯಲ್ಲಿ, ಮುಧೋಳದ ಮನೆಯ ಪಡಸಾಲೆಯಲ್ಲಿ, ಮನೆಯ ಹಳೇ ಸಣ್ಣ ಕಾರಿಗೆ. ಸಾಮಾನು ಬೆಂಗಳೂರಿನ ಎಸ್.ಪಿ. ರೋಡಿನದು. 4700 ಮೈಕ್ರೊಫ್ಯಾರಡ್‌ನ ನಾಲ್ಕು, 1000ದ ಒಂದು, 100ರ ಎರಡು ಎಲೆಕ್ಟ್ರೋಲಿಟಿಕ್ ಕಂಡೆನ್ಸರ್. ಎಲ್ಲವೂ 35 ವೋಲ್ಟಿನವು, 105 ಡಿಗ್ರಿ ಶಾಖ ತಡೆಯುವಂಥವು. ಗಾಡಿಯಲ್ಲಿರೋದು 14 ವೋಲ್ಟ್, 16ರದ್ದು ಸಾಕಲ್ಲ ಅನ್ನಬಹುದು. ಸಾಲದು. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ತಂತಿ ಕಳಚಿದರೆ ಆಲ್ಟರ್ನೇಟರಿನ ವೋಲ್ಟೇಜು ಕ್ಷಣಕಾಲ ಎಷ್ಟೋ ಪಟ್ಟು ಜಿಗಿಯುತ್ತದೆ. ಅದಕ್ಕೆ 35ರದ್ದೂ ಖಾತ್ರಿ ಇಲ್ಲ, ಆದರೆ ದಿನನಿತ್ಯದ ಸಣ್ಣ ಜಿಗಿತಕ್ಕೆ ತಡೆಯುತ್ತದೆ. ಎಲ್ಲ ಪ್ಲಸ್ಸು ಒಂದು ಕಡೆ, ಎಲ್ಲ ಮೈನಸ್ಸು ಒಂದು ಕಡೆ. ಅಡ್ಡಲಾಗಿ ರೆಸಿಸ್ಟರ್ ಜೊತೆಗೆ ಒಂದು ಎಲ್‌ಇಡಿ. ಪ್ಲಸ್ ವೈರಿನಲ್ಲಿ, ಬ್ಯಾಟರಿಗೆ ಆದಷ್ಟು ಹತ್ತಿರದಲ್ಲಿ, ಒಂದು ಫ್ಯೂಸ್. ಈ ಕೊನೆಯದು ಮರೆತರೆ ಮಿಕ್ಕಿದ್ದೆಲ್ಲ ವ್ಯರ್ಥ. ಕಂಡೆನ್ಸರ್ ಒಳಗೇ ಶಾರ್ಟ್ ಆದರೆ ಬ್ಯಾಟರಿ ನೂರಾರು ಆಂಪಿಯರ್ ಸುರಿಯುತ್ತದೆ, ವೈರಿಗೆ ಬೆಂಕಿ ಹತ್ತುತ್ತದೆ. ಪ್ಲಸ್ ಮೈನಸ್ ಅದಲುಬದಲಾದರೆ ಕಂಡೆನ್ಸರ್ ಪಟಾಕಿ ಹಾಗೆ ಸಿಡಿಯುತ್ತದೆ. ದೀಪಾವಳಿಯಾದರೂ ಬಾನೆಟ್ಟಿನ ಒಳಗೆ ಬೇಡ.

ಈಗ ಲೆಕ್ಕ. ಎಲ್ಲ ಕೂಡಿ 20,000 ಮೈಕ್ರೊಫ್ಯಾರಡ್, ಅಂದರೆ 0.02 ಫ್ಯಾರಡ್. 14 ವೋಲ್ಟಿನಲ್ಲಿ ಅದು ಹಿಡಿದಿಡುವ ಶಕ್ತಿ ಸುಮಾರು 2 ಜೂಲ್. ಪಕ್ಕದಲ್ಲಿ ಕೂತಿರುವ 35 ಆಂಪಿಯರ್-ಅವರ್ ಬ್ಯಾಟರಿಯಲ್ಲಿರೋದು ಸುಮಾರು 15 ಲಕ್ಷ ಜೂಲ್. ಎರಡೂ ಹೆಡ್‌ಲೈಟಿಗೆ 120 ವ್ಯಾಟ್ ಹಿಡಿದರೆ ಡಬ್ಬಿಯ ಪೂರ್ತಿ ಶಕ್ತಿ ಅವನ್ನು ಉರಿಸೋದು ಸೆಕೆಂಡಿನ ಅರವತ್ತನೇ ಒಂದು ಭಾಗ. ಸೆಲ್ಫ್ ಹೊಡೆದಾಗ 120 ಆಂಪಿಯರ್ ಬೇಕು ಅಂದರೆ ಎರಡು ಮಿಲಿಸೆಕೆಂಡಿಗೆ ಡಬ್ಬಿ ಖಾಲಿ. ಕೆರೆಯ ಪಕ್ಕ ಒಂದು ಚಮಚ ನೀರಿಟ್ಟು ಬರಗಾಲಕ್ಕೆ ಆಗುತ್ತೆ ಅಂದ ಹಾಗೆ.

ಆದರೆ ಲೆಕ್ಕಕ್ಕೆ ನಿಲ್ಲದೆ ಅಳೆಯಬೇಕು. ಡಬ್ಬಿ ಹಾಕುವ ಮೊದಲು ಎಂಜಿನ್ ಓಡುತ್ತಿರುವಾಗ, ಹೆಡ್‌ಲೈಟ್ ಹಚ್ಚಿ, ಬ್ಯಾಟರಿಯ ತುದಿಯಲ್ಲಿ ಮಲ್ಟಿಮೀಟರ್ ಹಿಡಿದರೆ 14.1 ವೋಲ್ಟ್. ಹೆಡ್‌ಲೈಟಿನ ಹಿಂಬದಿಯ ಕನೆಕ್ಟರಿನಲ್ಲಿ 12.6. ಡಬ್ಬಿ ಹಾಕಿದ ಮೇಲೆ? 14.1 ಮತ್ತು 12.6. ರೇಡಿಯೊದಲ್ಲಿ ಎಂಜಿನ್ ಜೊತೆ ಏರಿಳಿಯುತ್ತಿದ್ದ ಸಣ್ಣ ಕುಂಯ್ ಶಬ್ದ ಮಾತ್ರ ಸ್ವಲ್ಪ ತಗ್ಗಿತು. ಆಲ್ಟರ್ನೇಟರಿನ ಕರೆಂಟಿನಲ್ಲಿ ಸಣ್ಣ ಅಲೆ ಇರುತ್ತದೆ, ಆ ಅಲೆಯನ್ನು ನುಂಗೋದು ಕಂಡೆನ್ಸರಿಗೆ ಬರುವ ಕೆಲಸ. ಅದು ಬಂದದ್ದೂ ಅದಕ್ಕೇ. ಮೈಲೇಜಿನ ಮಾತು ಬೇರೆ. ಅಮೆರಿಕದ ಪರಿಸರ ಇಲಾಖೆ ಪೆಟ್ರೋಲ್ ಉಳಿಸುತ್ತೇವೆ ಅನ್ನುವ ನೂರಕ್ಕೂ ಹೆಚ್ಚು ಬಗೆಬಗೆಯ ಸಾಧನಗಳನ್ನು ಪರಿಶೀಲಿಸಿದೆ. ಹೇಳಿಕೊಳ್ಳುವಂಥ ಉಳಿತಾಯ ಕೊಟ್ಟದ್ದು ಇಲ್ಲವೇ ಇಲ್ಲ ಅನ್ನಬಹುದು.

ನಡುವೆ ಕಳೆದುಹೋದ 1.5 ವೋಲ್ಟ್ ಎಲ್ಲಿ ಹೋಯಿತು? ನನ್ನ ಆಸಕ್ತಿ ಇದ್ದದ್ದು ಅಲ್ಲಿ. ಮನೆಗೆ ಬರುವ ವೈರಿಂಗ್ ಕಾಕಾ ಡಬ್ಬಿಯನ್ನು ಅಂಗೈ ಮೇಲೆ ಇಟ್ಟು ನೋಡಿದರು. "ಚಂದ ಮಾಡೀಯಪಾ ತಮ್ಮಾ. ಇದ್ರಾಗ ಕರೆಂಟ್ ಹುಟ್ಟತೈತೇನು?" ಅಂದರು. ಇಲ್ಲ ಅಂದೆ. "ಹಂಗಾರ ಹಾದಿ ನೋಡು. ಅರ್ತ್ ನೋಡು ಮೊದಲ." ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದನ್ನು ಹೆಡ್‌ಲೈಟಿನ ಅರ್ತ್‌ಗೆ ಹಿಡಿದರೆ 0.9 ವೋಲ್ಟ್ ತೋರಿಸಿತು. ಸೊನ್ನೆಯ ಹತ್ತಿರ ಇರಬೇಕಾದ ಜಾಗ ಅದು. ಗೇಯಾರ್ಗ್ ಓಮ್ 1827ರಲ್ಲಿ ಪ್ರಕಟಿಸಿದ ಸೂತ್ರವನ್ನೇ ಹಾಕಿ: 9 ಆಂಪಿಯರ್ ಹರಿಯುವಾಗ 0.9 ವೋಲ್ಟ್ ಬೀಳಬೇಕಾದರೆ ಆ ಹಾದಿಯಲ್ಲಿ 0.1 ಓಮ್ ಅಡ್ಡಿ ಇದೆ. ಬಾಡಿಗೆ ಬಿಗಿದ ಒಂದು ಬೋಲ್ಟಿನ ಕೆಳಗೆ ಬಣ್ಣವೂ ತುಕ್ಕೂ ಸೇರಿ ಅಷ್ಟು ಮಾಡಿದ್ದವು. ಬಿಚ್ಚಿ, ಉಜ್ಜಿ, ಹೊಸ ದಪ್ಪ ವೈರು ಎಳೆದ ಮೇಲೆ 0.9 ಹೋಗಿ 0.2 ಆಯಿತು. ಹೆಡ್‌ಲೈಟಿಗೆ 13.3 ವೋಲ್ಟ್ ಸಿಕ್ಕಿತು.

0.7 ವೋಲ್ಟಿಗೆ ಏನು ಮಹಾ ಅನ್ನಬೇಡಿ. ತಂತಿ ಕಾದು ಬೆಳಗುವ ಬಲ್ಬಿನಲ್ಲಿ ಬೆಳಕು ವೋಲ್ಟೇಜಿಗಿಂತ ಬಹಳ ಜೋರಾಗಿ ಏರುತ್ತದೆ, ಜೋರಾಗಿ ಇಳಿಯುತ್ತದೆ. ವೋಲ್ಟೇಜು ನೂರಕ್ಕೆ ಹತ್ತು ಇಳಿದರೆ ಬೆಳಕು ಸುಮಾರು ಮೂವತ್ತು ಇಳಿಯುತ್ತದೆ. ನಮ್ಮ 0.7 ವೋಲ್ಟ್ ವಾಪಸ್ ಬಂದಾಗ ಬೆಳಕು ಸುಮಾರು ನೂರಕ್ಕೆ ಇಪ್ಪತ್ತರಷ್ಟು ಹೆಚ್ಚಿತು. ಜಪಾನಿನ ಸೆಟ್ಟು ಹಾಕಿಸಿಕೊಂಡ ಕೆಲವರಿಗೆ ನಿಜವಾಗಿ ಬೆಳಕು ಹೆಚ್ಚಿದ್ದರೆ ಅದರ ಶ್ರೇಯ ಗುಡುಗಿನ ದೇವರಿಗಿಂತ ಆ ಅರ್ತ್ ವೈರಿಗೆ ಸಲ್ಲಬೇಕು ಅಂತ ನನ್ನ ಊಹೆ.

ಇದು ಬರೀ ಹವ್ಯಾಸದ ಮಾತಾಗಿದ್ದರೆ ಇಷ್ಟು ಉದ್ದ ಬರೆಯುತ್ತಿರಲಿಲ್ಲ. ಕಬ್ಬಿನ ಹಂಗಾಮಿನಲ್ಲಿ ನಮ್ಮ ಕಡೆಯ ರಸ್ತೆಗಳಲ್ಲಿ ರಾತ್ರಿ ಓಡಾಡಿದವರಿಗೆ ಯಾಕೆ ಅಂತ ಗೊತ್ತು. ಜಮಖಂಡಿ, ಮಹಾಲಿಂಗಪುರ, ಲೋಕಾಪುರ, ಯಾವ ದಿಕ್ಕಿಗೆ ಹೋದರೂ ಎರಡೆರಡು ಟ್ರೇಲರ್ ಎಳೆದುಕೊಂಡು ಕಾರ್ಖಾನೆಯ ಕಡೆ ಸಾಗುವ ಟ್ರ್ಯಾಕ್ಟರುಗಳು. ಅವುಗಳ ಮೇಲೆ ದೊಡ್ಡ ದೊಡ್ಡ ಸ್ಪೀಕರು. ಕಾಣುವ ಮೊದಲೇ ಕೇಳಿಸುತ್ತವೆ. ಆ ಟೇಪಿನ ಮೇಲೆ ನನಗೆ ಸಿಟ್ಟಿಲ್ಲ. ರಾತ್ರಿಯಿಡೀ ಕಾರ್ಖಾನೆಯ ಸಾಲಿನಲ್ಲಿ ಕಾಯುವ ಹುಡುಗರಿಗೆ ಅದೇ ನಿದ್ದೆ ಬರದ ಹಾಗೆ ನೋಡಿಕೊಳ್ಳುವ ಗೆಳೆಯ. ಆದರೆ ಹಿಂದಿನಿಂದ ಬರುವ ಬೈಕಿನವರಿಗೆ ಎರಡನೇ ಟ್ರೇಲರಿನ ಬಾಲ ಕಾಣಬೇಕು. ಎಷ್ಟೋ ಸಲ ಅಲ್ಲಿ ದೀಪವೇ ಇರೋದಿಲ್ಲ. ಇದ್ದರೆ, ಟೇಪು ಡಬ್ ಅಂದಾಗಲೆಲ್ಲ ದೀಪ ಮಿಣುಕ್ ಅನ್ನುತ್ತದೆ.

ಆ ಮಿಣುಕೇ ವೋಲ್ಟೇಜಿನ ಪಾಠ. ಟ್ರ್ಯಾಕ್ಟರಿನ ಆಲ್ಟರ್ನೇಟರ್ ಸಾಮಾನ್ಯವಾಗಿ 35-40 ಆಂಪಿಯರಿನದು, ಅಂದರೆ ಐನೂರು ವ್ಯಾಟಿನ ಆಸುಪಾಸು. ಅದರ ಮೇಲೆ ಸಾವಿರ ವ್ಯಾಟ್ ಅಂತ ಬರೆದ ಆಂಪ್ಲಿಫೈಯರ್. ಪ್ರತಿ ಬಡಿತಕ್ಕೂ ವೋಲ್ಟೇಜು ಕುಸಿಯುತ್ತದೆ. ಹುಡುಗರು ಇದಕ್ಕೆ ಒಂದು ಫ್ಯಾರಡಿನ ದೊಡ್ಡ ಕಂಡೆನ್ಸರ್ ಹಾಕಿಸುತ್ತಾರೆ, ನನ್ನ ಡಬ್ಬಿಯ ಐವತ್ತು ಪಟ್ಟು. ಅದರದ್ದೂ ಲೆಕ್ಕ ಮಾಡಿ ನೋಡಿದೆ. 14ರಿಂದ 12 ವೋಲ್ಟಿಗೆ ಇಳಿಯುವಾಗ ಅದು ಕೊಡೋದು 26 ಜೂಲ್. ಐನೂರು ವ್ಯಾಟಿನ ಕೊರತೆಯನ್ನು ಅದು ತುಂಬೋದು ಸೆಕೆಂಡಿನ ಇಪ್ಪತ್ತನೇ ಒಂದು ಭಾಗ. ಚಿಕ್ಕ ಬಡಿತಕ್ಕೆ ಸ್ವಲ್ಪ ಆಸರೆ, ರಾತ್ರಿಯ ಹಾಡಿಗೆ ಏನೂ ಅಲ್ಲ. ಸಾಲ ಕೊಟ್ಟದ್ದನ್ನು ಮರುಕ್ಷಣವೇ ಅದು ಆಲ್ಟರ್ನೇಟರಿನಿಂದ ವಾಪಸ್ ಕೇಳುತ್ತದೆ.

ಹಿಂದಿನ ದೀಪದ ರೋಗ ಇರೋದು ಹೆಚ್ಚಾಗಿ ಬೇರೆ ಕಡೆ. ಟ್ರೇಲರಿಗೆ ಪ್ಲಸ್ ವೈರು ಮಾತ್ರ ಎಳೆದಿದ್ದರೆ ಕರೆಂಟು ವಾಪಸ್ ಬರಬೇಕಾದದ್ದು ಕೊಂಡಿಯ ಪಿನ್ನಿನ ಮೂಲಕ. ಆ ಪಿನ್ನಿಗೆ ಗ್ರೀಸು, ಮಣ್ಣು, ತುಕ್ಕು. ಎರಡು ಟ್ರೇಲರ್ ಅಂದರೆ ಅಂಥ ಎರಡು ಪಿನ್ನು. ಐದು ವ್ಯಾಟಿನ ಬಾಲದ ದೀಪಕ್ಕೆ ಅರ್ಧ ಆಂಪಿಯರೂ ಬೇಡ, ಅದಕ್ಕೂ ಹಾದಿ ಇಲ್ಲ. ಟ್ರ್ಯಾಕ್ಟರಿನಿಂದ ಕೊನೆಯ ದೀಪದವರೆಗೆ ಒಂದು ಬೇರೆ ಅರ್ತ್ ವೈರು ಎಳೆದರೆ ಆ ಬಾಧೆ ಇಲ್ಲ. ಆಂಪ್ಲಿಫೈಯರಿಗೆ ಬ್ಯಾಟರಿಯಿಂದ ನೇರ ದಪ್ಪ ವೈರು, ನಡುವೆ ಫ್ಯೂಸು ಇರಲಿ. ದೀಪದ ಲೈನಿನಲ್ಲಿ ಅದು ಪಾಲು ಕೇಳದಿರಲಿ. ಇದಕ್ಕೆಲ್ಲ ತಗಲುವ ಖರ್ಚು ಆ ಒಂದು ಫ್ಯಾರಡಿನ ಕಂಡೆನ್ಸರಿಗಿಂತ ಕಡಿಮೆ. ಜೊತೆಗೆ ಎರಡು ಮೊಳ ಕೆಂಪು ರಿಫ್ಲೆಕ್ಟರ್ ಪಟ್ಟಿ ಅಂಟಿಸಿದರೆ ಅದಕ್ಕೆ ವೋಲ್ಟೇಜೇ ಬೇಡ.

ಮನೆಯಲ್ಲಿ ಮಾಡಿದ ಸ್ಟೆಬಿಲೈಜರ್ ಕೆಲಸಕ್ಕೆ ಬಾರದ್ದು ಅಂತ ನಾನು ಹೇಳುತ್ತಿಲ್ಲ. ಹಳೇ ಕಾರಿನ ಗೇಜಿಗೆ ಮೂರು ಕಾಲಿನ ಐಸಿ ಹಾಕಿದವರು ಒಂದು ನಿಜವಾದ ಕೊರತೆ ತುಂಬಿದರು. ರೇಡಿಯೊದ ಕುಂಯ್ ಶಬ್ದಕ್ಕೆ ಕಂಡೆನ್ಸರ್ ಸರಿಯಾದ ಮದ್ದು. ಆದರೆ 14 ವೋಲ್ಟನ್ನು ಆಲ್ಟರ್ನೇಟರ್ ತಾನೇ ಕಾಯುತ್ತಿರುವಾಗ ಅದರ ಬಾಗಿಲಲ್ಲಿ ಇನ್ನೊಬ್ಬ ಕಾವಲುಗಾರನನ್ನು ನಿಲ್ಲಿಸಿದರೆ, ಕಳ್ಳ ಹಿತ್ತಲಿನ ಅರ್ತ್ ಬೋಲ್ಟಿನಲ್ಲಿ ಕೂತಿರುತ್ತಾನೆ. ಗೋಡೆಯ ಮೇಲಿನ ಟಕ್ ಶಬ್ದ ನಮಗೆ ಕಲಿಸಿದ್ದು ಡಬ್ಬಿಯನ್ನು ನಂಬುವುದನ್ನು. ಕಟೌಟಿನ ನಾಲಿಗೆ ಬಗ್ಗಿಸುತ್ತಿದ್ದವರಿಗೆ ಗೊತ್ತಿದ್ದದ್ದು ಹಾದಿಯನ್ನು ನೋಡುವುದು. ನಾಲಿಗೆ ಹೋಗಿರಬಹುದು, ಹಾದಿ ಇನ್ನೂ ತಾಮ್ರದ ತಂತಿಯದೇ. ಮಲ್ಟಿಮೀಟರಿನ ಎರಡು ಕಡ್ಡಿ ಹಿಡಿಯಲು ಬರುವ ಯಾರಾದರೂ ಅದನ್ನು ಈಗಲೂ ನೋಡಬಹುದು.

ನನ್ನ ಡಬ್ಬಿ ಕಾರಿನಲ್ಲಿ ಬಹಳ ದಿನ ಇರಲಿಲ್ಲ. ಕಾಕಾ ಅದನ್ನು ಕೇಳಿ ಇಸಕೊಂಡು ಹೋಗಿ, ಅಂಗಡಿಯ ರೇಡಿಯೊದ ಸಪ್ಲೈಗೆ ಹಾಕಿದ್ದಾರೆ. ಫ್ಯೂಸ್ ಸಮೇತ.